ಇತರೆ

ರುಕೂರು ಹೊಳೆಯ ಹಲಗೆಸೇತುವೆಯ ಈಚೆ ದಡದಲ್ಲಿ
ಮಾವಿನ ಮರದಡಿ ಒಂದು ಪ್ಲಾಸ್ಟಿಕ್ ಕುರ್ಚಿ,
ತೊಡೆಯ ಮೇಲೆ ರಟ್ಟು, ರಟ್ಟಿನ ಮೇಲೆ ಹಾಳೆ.
ಏಳು ಹಗಲು ಏಳು ರಾತ್ರಿ
ಹಾದುಹೋದದ್ದಕ್ಕೆಲ್ಲ ಗೀಟು ಹಾಕುವುದು ನನ್ನ ಕೆಲಸ.
ನಾಲ್ಕು ನಿಂತ ಗೀಟು, ಐದನೆಯದು ಅಡ್ಡ:
ಏನನ್ನೂ ಕಾಯದ ಪುಟ್ಟ ಬೇಲಿಗಳು.

ಲಾರಿಗೊಂದು ಕಾಲಂ, ಮಿನಿಬಸ್ಸಿಗೊಂದು,
ಕಾರಿಗೆ, ಮೋಟಾರುಬೈಕಿಗೆ ಒಂದೊಂದು.
ಕಡೆಯದು 'ಇತರೆ'.
ಅದನ್ನು ಕೂಡಿಸುವುದಿಲ್ಲ, ಖಾಲಿ ಬಿಟ್ಟರೂ ನಡೆದೀತು,
ಎಂದಿದ್ದರು ಇಂಜಿನಿಯರ್ ನ್ಯಿರೊಂಗೊ.
ಸುಂಕ ಕೊಡದವರ ಲೆಕ್ಕ ದುಡ್ಡು ಹೂಡುವವರಿಗೆ ಯಾಕೆ?

ಮೊದಲ ದಿನ ಲಾರಿ ಹನ್ನೊಂದು, ಮಿನಿಬಸ್ಸು ಇಪ್ಪತ್ತಾರು.
'ಇತರೆ' ಮಾತ್ರ ಹಾಳೆ ತುಂಬಿ ಹಿಂಬದಿಗೆ ಹರಿಯಿತು.
ಇದ್ದಿಲ ಮೂಟೆ ಹೇರಿದ ಸೈಕಲ್ಲು, ತಳ್ಳುವವನ ಕಾಲಷ್ಟೇ ಕಾಣುವಂತೆ;
ತಂಬಾಕಿನ ಎತ್ತಿನಗಾಡಿ;
ಹೊಲಿಗೆಯಂತ್ರ ತಲೆಯ ಮೇಲಿಟ್ಟು, ಕತ್ತು ತಿರುಗಿಸದೆಯೇ
ನನಗೆ ನಮಸ್ಕಾರ ಹೇಳಿದ ದರ್ಜಿ ಚಿಪೇಟ;
ಹಂದಿಯನ್ನು ಕ್ಯಾರಿಯರಿಗೆ ಬಿಗಿದು
ದಾರಿಯುದ್ದಕ್ಕೂ ಅದರೊಡನೆ ಜಗಳವಾಡುತ್ತ ಬಂದ ಹುಡುಗ.
ಹಂದಿಗೆ ಬೇರೆ ಗೀಟೇ? ಕೇಳೋಣವೆಂದರೆ ಯಾರೂ ಇರಲಿಲ್ಲ.
ಹಾಕಿದೆ.

ಮೂರನೆಯ ರಾತ್ರಿ ಮೇಲೆಲ್ಲೋ ಸುರಿದ ಮಳೆ ಇಲ್ಲಿಗೆ ಬಂತು.
ಹಲಗೆಗಳು ಒಂದೊಂದಾಗಿ ಕಳಚಿ, ಅವಸರವಿಲ್ಲದೆ, ತೇಲಿಹೋದವು.
ಆಸ್ಪತ್ರೆ ಆಚೆ ದಡದಲ್ಲಿ, ದೀಪ ಕಾಣುವಷ್ಟು ಹತ್ತಿರ.
ಸೈಕಲ್ಲಿನ ಹಿಂದೆ ಕೂತು ಬಂದ ತಿವೋಂಗೆ
ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಳು, ಹಲ್ಲು ಕಚ್ಚಿ.
ನನ್ನ ಟಾರ್ಚಿನ ಬೆಳಕಲ್ಲಿ, ನಿಂತ ಮಿನಿಬಸ್ಸಿನ ಹಿಂದಿನ ಸೀಟಿನಲ್ಲಿ,
ಕೋಳಿ ಫಟಗುಟ್ಟಿದರೆ ಬೈಯುತ್ತ, ದೇವರನ್ನು ಕರೆಯುತ್ತ
ಮೂವರು ಮುದುಕಿಯರು ಹೆರಿಗೆ ಮಾಡಿಸಿದರು.
ಹೆಣ್ಣು.
ಗೀಟು ಹಾಕಲಿಲ್ಲ. ದಾಟಿರಲಿಲ್ಲವಲ್ಲ.

ಏಳನೆಯ ದಿನ ನ್ಯಿರೊಂಗೊ ಬಂದರು, ಬೂಟಿಗೆ ಕೆಸರು ಹತ್ತಿಸಿಕೊಂಡು.
ಹನ್ನೊಂದು ಸಾಲದು, ಎಂದರು.
ಲಿಲೊಂಗ್ವೆಯ ಹೋಟೆಲಿನಲ್ಲಿ ಬರುವ ತಿಂಗಳು ಸಭೆ;
ಎಲ್ಲೋ ಚಳಿದೇಶದ ಮೇಷ್ಟರುಗಳ ಪಿಂಚಣಿ ಹಣ
ಸೇತುವೆಯಾಗಲು ಸಿದ್ಧವಿದೆ, ಲಾರಿ ನಲವತ್ತಾದರೆ.
ಅದಾಗದಿದ್ದರೆ ಖಾತರಿ ಬರೆದುಕೊಡಬೇಕು:
ಬಾರದ ಲಾರಿಯ ಸುಂಕ ಸರ್ಕಾರದ್ದು.
ಅದೂ ಡಾಲರಿನಲ್ಲಿ.

ನಮ್ಮ ದುಡ್ಡಿನ ಹೆಸರು ಕ್ವಾಚ. ಬೆಳಗಾಯಿತು ಎಂದರ್ಥ.
ದಿನಾ ಬೆಳಗಾಗುತ್ತದೆ, ದಿನಾ ಕೊಂಚ ಅಗ್ಗವಾಗಿ.

ಹಾಗಾದರೆ, ಎಂದೆ,
ಹೊಳೆ ದಾಟಿದ ಮೇಲೆ ಕೊಡುವ ಕೂಲಿಯಲ್ಲ ಇದು;
ಮನೆಬಿಟ್ಟು ಕದಲದ ನನ್ನತ್ತೆಯೂ
ಸೋಪು ಕೊಳ್ಳುವಾಗೆಲ್ಲ ಒಂದು ಲಾರಿಯನ್ನು ದಾಟಿಸುತ್ತಿರಬೇಕು.
ಅವರು ನಗಲಿಲ್ಲ. ಇಲ್ಲವೆನ್ನಲೂ ಇಲ್ಲ.
ಸೇತುವೆ ಬೇಡವೇ ನಿನಗೆ?

ಬೇಕು.
ಆ ರಾತ್ರಿ ಟಾರ್ಚು ಹಿಡಿದ ಕೈ ಇದೇ. ಬೇಡವೆನ್ನಲಿ ಹೇಗೆ?

ಪೆನ್ಸಿಲನ್ನು ರಟ್ಟಿನ ಮೇಲಿಟ್ಟು
ಸುಟ್ಟ ಜೋಳ ತರುತ್ತೇನೆಂದು ಅವರು ಎದ್ದುಹೋದರು,
ಬೇಗ ಬರುವವರ ನಡಿಗೆಯಲ್ಲ.
ಲಾರಿಯ ಕಾಲಮ್ಮಿನಲ್ಲಿ ಜಾಗ ಬೇಕಾದಷ್ಟಿತ್ತು,
ಇಪ್ಪತ್ತೊಂಬತ್ತು ಗೀಟು ಎಳೆಯಲು ಅರ್ಧ ನಿಮಿಷ ಸಾಕು.
ಆಚೆ ದಡದಲ್ಲಿ ಯಾರೋ ಹೊಸ ಹಲಗೆ ಬಡಿಯುತ್ತಿದ್ದರು;
ಸುತ್ತಿಗೆ ಎದ್ದಮೇಲೆ ಸದ್ದು ಕೇಳುತ್ತಿತ್ತು.

'ಇತರೆ'ಯ ಪಕ್ಕ ಒಂದು ಗೆರೆ ಎಳೆದು
ತಲೆಗೆ 'ಕಾದವರು' ಎಂದು ಬರೆದೆ.
ತಿವೋಂಗೆ, ಒಂದು. ಮುದುಕಿಯರು, ಮೂರು.
ಅಡ್ಡಗೀಟು ಮಗುವಿನದು.

ಜೋಳ ಬಂತು, ಆರಿತ್ತು.
ನ್ಯಿರೊಂಗೊ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು,
ನಾಲ್ಕಾಗಿ ಮಡಚಿದರು;
ಕಡತಕ್ಕಲ್ಲ, ಅಂಗಿಯ ಜೇಬಿಗೆ.
ಆಮೇಲೆ ಏಳು ದಿನದ ಕೂಲಿ ಎಣಿಸಿಕೊಟ್ಟರು.
ನಾನೂ ಎಣಿಸಿದೆ, ಎರಡು ಸಲ.
ಸರಿಯಿತ್ತು.