ಏಳನೇ ಬ್ಲಾಕು

ನಾನು ರೈಟರ್. ಬರೆಯುವುದು ಹಣ್ಣಿನ ತೂಕ ಮಾತ್ರ.
ಆಲ್ದೂರಿನಾಚೆ, ತೋಟದ ಗೇಟಿನ ಪಕ್ಕ
ಬೆಳಿಗ್ಗೆ ಎಂಟಕ್ಕೆ ಪಿಕಪ್ಪು ಬಂದು ನಿಲ್ಲುತ್ತದೆ
ಯಗಟಿಯ ಧೂಳನ್ನು ಟಯರಿಗೆ ಮೆತ್ತಿಕೊಂಡು.
ಹದಿನಾಲ್ಕು ಹೆಂಗಸರು ಇಳಿಯುತ್ತಾರೆ
ಒಬ್ಬೊಬ್ಬರಾಗಿ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ.

ಅಲ್ಲಿ ರಾಗಿ ಕೊಯ್ದಾಗಿದೆ, ತೆಂಗಿಗೆ ನುಸಿ;
ಇಲ್ಲಿ ಹಣ್ಣಿಗೆ ಉದುರುವ ಅವಸರ.
ನಡುವೆ ಎಪ್ಪತ್ತು ಚಿಲ್ಲರೆ ಕಿಲೋಮೀಟರು,
ಮಳೆಯಲ್ಲಿ ಅಳೆದರೆ ಅರವತ್ತು ಇಂಚು.
ಯಗಟಿಯಿಂದ ಮೂರು ಮೈಲಿ ಒಳಗಿನ ಹಟ್ಟಿಯಲ್ಲಿ
ಇವರಿಗಿಂತ ಚುರುಕು ಕೈಗಳಿವೆಯಂತೆ.
ಹಳ್ಳದ ಮೋರಿ ಕುಸಿದಿದೆ, ಪಿಕಪ್ಪು ಹೋಗುವುದಿಲ್ಲ,
ಆ ಕೈಗಳು ನನ್ನ ಪುಸ್ತಕಕ್ಕೆ ಬಂದೇ ಇಲ್ಲ.

ಗಿರಿಯಮ್ಮ. ಹೆಸರಲ್ಲಷ್ಟೇ ಗುಡ್ಡ;
ಹುಟ್ಟಿ ಬೆಳೆದದ್ದು ಚೆಂಡಿಟ್ಟರೆ ಉರುಳದ ನೆಲದಲ್ಲಿ.
ಸೋಮವಾರ, ಹಳ್ಳದ ದಂಡೆಯ ಬ್ಲಾಕು: ತೊಂಬತ್ತೆರಡು ಕೆಜಿ.
ಮಂಗಳವಾರ, ಏಳನೇ ಬ್ಲಾಕು: ಐವತ್ತೇಳು.
ಅದೇ ಕೈ. ಅದೇ ಬುತ್ತಿ. ಅದೇ ಬಿಸಿಲು.
ಏಳರಲ್ಲಿ ಒಂದು ಕೈ ಗಿಡಕ್ಕೆ,
ಇನ್ನೊಂದು ಬೀಳದಿರುವುದಕ್ಕೆ;
ಚೆಲ್ಲಿದ ಹಣ್ಣು ಮೂರು ಸಾಲು ಕೆಳಗೆ ಹೋಗಿ ನಿಲ್ಲುತ್ತದೆ,
ಮೂಟೆ ಹೊತ್ತು ಹತ್ತುವಾಗ ಮೊಣಕಾಲು ಎದೆಗೆ ತಾಗುತ್ತದೆ.

ಪುಸ್ತಕದಲ್ಲಿ ಕಾಲಂ ಐದು:
ತಾರೀಖು, ಹೆಸರು, ಬ್ಲಾಕು, ಕೆಜಿ, ರೂಪಾಯಿ.
ಕೆಜಿಗೆ ನಾಲ್ಕೂವರೆ. ಗುಡ್ಡಕ್ಕೂ ನಾಲ್ಕೂವರೆ.

ಹೊಸ ಮ್ಯಾನೇಜರು ಡೆನ್ಸಿಲ್ ಸಾಹೇಬರು ಕೇಳಿದರು:
"ಏಳರಲ್ಲಿ ಆಳಿನ ಸರಾಸರಿ ಯಾಕೆ ಇಷ್ಟು ಕಡಿಮೆ?
ಸೋಮಾರಿಗಳನ್ನೆಲ್ಲ ಅಲ್ಲಿಗೇ ಹಾಕುತ್ತೀರಾ?"
ಹೇಳಬಹುದಿತ್ತು. ಬದಲು ನನ್ನ ಪೆನ್ನನ್ನು
ಅವರ ಜೀಪಿನ ಬಾನೆಟ್ಟಿನ ಮೇಲಿಟ್ಟೆ.
ಉರುಳಿ ಬಿತ್ತು.
ಪಾಪ, ಬಗ್ಗಿ ಎತ್ತಿಕೊಟ್ಟರು, ಅಷ್ಟೇ.
ಮುಂದಿನ ಮಾತಿಗೆ ನನಗೂ ಬಾಯಿ ಬರಲಿಲ್ಲ,
ನಾನಿರುವುದು ತೋಟದವರ ಲೈನಿನಲ್ಲಿ.

ಬುಧವಾರ ಸಂಜೆ ಕೈ ತಪ್ಪಿತು.
ಮುಳ್ಳು ಐವತ್ತೆಂಟು ಎಂದಿತು, ನಾನು ಅರವತ್ತಾರು ಎಂದೆ,
ಬರೆದೆ.
ಗಿರಿಯಮ್ಮನಿಗೆ ಓದು ಬಾರದು, ತೂಕ ಬರುತ್ತದೆ,
ಹೊತ್ತ ಬೆನ್ನಿಗೆ ಗೊತ್ತಿರುತ್ತದಲ್ಲ.
ಮುಳ್ಳನ್ನೂ ನನ್ನನ್ನೂ ನೋಡಿ,
ಎಲೆಯಡಿಕೆ ಆಚೆ ಉಗಿದು ಕೇಳಿದಳು:
"ಏನ್ ರೈಟ್ರೇ, ಇವತ್ ನಿಮ್ ತಕ್ಕಡೀನೂ
ಇಳಿಜಾರಲ್ ನಿಂತೈತಾ?"

ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ.
ನಾಳೆಯೂ ಏಳೇ, ಎಂದೆ.
ಪಿಕಪ್ಪು ಹಾರ್ನ್ ಹೊಡೆಯಿತು, ಮೂತಿ ಬಯಲಿನ ಕಡೆಗೆ.