ನೀಲಿ ನೂಲು

ಸಾವಿರ ಕೆಂಪು ಕಣ ಎಣಿಸಬೇಕು.
ಎರಡು ವರ್ಷದ ಮುಬಷಿರಾಳ ರಕ್ತಕ್ಕೆ ನೀಲಿ ಬಣ್ಣ ಬೆರೆಸಿ
ಕಾಲು ಗಂಟೆ ಕಾದು, ಗಾಜಿನ ಮೇಲೆ ತೆಳ್ಳಗೆ ಎಳೆದು
ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟಿದ್ದೇನೆ.
ಈಗಷ್ಟೇ ಹುಟ್ಟಿದ ಕಣವಾದರೆ
ಒಳಗೆ ನೀಲಿ ನೂಲಿನ ಚೂರು ಕಾಣಬೇಕು,
ನೂರಕ್ಕೆ ಒಂದಾದರೂ.
ಮುನ್ನೂರು. ಇಲ್ಲ.
ಆರುನೂರ ಹನ್ನೊಂದರಲ್ಲಿ ಒಂದು.
ಸಾವಿರ ಮುಗಿಯಿತು. ಅದೊಂದೇ.

ದಿನಾ ಎತ್ತಿಕೊಳ್ಳುವವರಿಗೆ ಗೊತ್ತೇ ಆಗಿರಲಿಲ್ಲ.
ಹರಿಹರದಿಂದ ಬಂದ ಸೋದರತ್ತೆ ಬಾಗಿಲಲ್ಲೇ ನಿಂತು
'ಯಾಕ ಕೂಸು ಮಂಡಕ್ಕಿ ಬಣ್ಣಕ್ಕ ತಿರುಗೇತಿ?' ಅಂದಳಂತೆ.

ಡಾಕ್ಟರು ರೆಪ್ಪೆ ಎಳೆದು ನೋಡಿದರು,
ಹೊಟ್ಟೆ ಒತ್ತಿದರು, ಕಂಕುಳಲ್ಲಿ ಗಂಟು ಹುಡುಕಿದರು,
ಸಿಗಲಿಲ್ಲ.
ಮೂರು ವಾರದ ಹಿಂದೆ ನೆಗಡಿ, ಜ್ವರ, ಅಷ್ಟೆ.
ಹಿಮೋಗ್ಲೋಬಿನ್ ಐದೂವರೆ.
ಬಿಳಿ ಕಣ ಸರಿ, ಪ್ಲೇಟ್‌ಲೆಟ್ ಸರಿ,
ಕೆಂಪು ಕಣದ ಗಾತ್ರವೂ ಸರಿ.
ಆದರೆ ಇದ್ದವೆಲ್ಲ ಹಳಬರು.

'ಮೂಳೆಯೊಳಗೆ ಕೆಂಪು ಕಣ ಮಾಡೋ ಕೆಲಸ ನಿಂತಿದೆ ಅನ್ನಿಸುತ್ತೆ.'
ತಾಯಿ ಮಹಬೂಬಿ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ
ಕಾದ ಮರಳು ಜರಡಿ ಹಿಡಿಯುವವಳು,
ಮೊಣಕೈತನಕ ಸುಟ್ಟ ಚುಕ್ಕೆ.
ಕೇಳಿದ್ದು ಒಂದೇ ಮಾತು:
'ಬೆಂಕಿ ಆರೇತೋ, ಭಟ್ಟಿನೇ ಒಡದೇತೋ?'

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.
'ಆರಿದ ಹಾಗೆ ಕಾಣುತ್ತೆ. ತಾತ್ಕಾಲಿಕ. ಕಾಯೋಣ.
ಮತ್ತೆ ಮತ್ತೆ ರಕ್ತ ನೋಡೋಣ.'
ಕಬ್ಬಿಣದ ಟಾನಿಕ್ಕನ್ನೂ ಬರೆಯಲಿಲ್ಲ.

ತಾತ್ಕಾಲಿಕ.
ಅಪ್ಪ ದುಡಿಯುತ್ತಿದ್ದ ಹತ್ತಿ ಮಿಲ್ಲಿನ ಗೇಟಿಗೂ
ಇದೇ ಪದದ ಬೋರ್ಡು ನೇತುಹಾಕಿದ್ದರು.
ನಾನಾಗ ಆರನೇ ಕ್ಲಾಸು.
ಅಕ್ಷರಗಳನ್ನು ತುಕ್ಕು ತಿಂದಿತು,
ಸೈರನ್ನು ಮತ್ತೆ ಕೂಗಲಿಲ್ಲ.
ಅಪ್ಪ ಮಾತ್ರ ಎಷ್ಟೋ ದಿನ ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡೇ ಹೊರಡುತ್ತಿದ್ದ.
ಅದಕ್ಕೇ ನಾನು ಆ ಪದವನ್ನು ನಂಬುವುದಿಲ್ಲ.
ಎಣಿಸುತ್ತೇನೆ.

ವಾರಕ್ಕೆ: ಮೂರು.

ಇನ್ನೊಂದು ವಾರಕ್ಕೆ ಸೂಜಿ ಕಂಡದ್ದೇ
ಹುಡುಗಿ ನನ್ನ ಹೆಬ್ಬೆರಳು ಕಚ್ಚಿದಳು.
ಮೊದಲ ಸಲ ತಾಯಿಯ ಹೆಗಲಿಂದ ತಲೆಯನ್ನೂ ಎತ್ತಿರಲಿಲ್ಲ.

ಗಾಜು ಒಣಗಿತು.
ಕಣ್ಣಿಟ್ಟ ಕೂಡಲೇ ಒಂದು ನೀಲಿ ನೂಲು,
ಪಕ್ಕದಲ್ಲಿ ಇನ್ನೊಂದು,
ಅಂಚಿನಲ್ಲಿ ಎರಡು ಒಂದಕ್ಕೊಂದು ಒರಗಿ,
ಅದರಾಚೆ ಮತ್ತೆ...
ಎಪ್ಪತ್ತರಲ್ಲಿದ್ದೆನೋ, ಎಂಬತ್ತರಲ್ಲೋ?
ಹೊರಗೆ ಬೆಂಚಿನ ಮೇಲೆ ಮಹಬೂಬಿ ಚೀಟಿಗೆ ಕಾಯುತ್ತಿದ್ದಾಳೆ,
ಭಟ್ಟಿಗೆ ಹೊತ್ತಾಗುತ್ತಿದೆ.
ಎಣಿಕೆ ತಪ್ಪಿತು.
ಮತ್ತೆ ಒಂದರಿಂದ.