ಹಿತ್ತಾಳೆಯ ಫಲಕ

ಕಾನೂನನ್ನು ದಿನಾ ಬೆಳಿಗ್ಗೆ ಉಜ್ಜುವವನು ನಾನು.
ಹಳೆ ಬನಿಯನ್ನಿನ ತುಂಡು, ಅರ್ಧ ನಿಂಬೆ, ಚಿಟಿಕೆ ಉಪ್ಪು.
ಲಿಫ್ಟಿನ ಪಕ್ಕ ಎದೆಯೆತ್ತರಕ್ಕೆ ಹಿತ್ತಾಳೆಯ ಫಲಕ:
ಬಣ್ಣ, ಕುಲ, ಕಸುಬು, ಬಡತನ
ಯಾವ ಕಾರಣಕ್ಕೂ ಯಾರನ್ನೂ
ಈ ಲಿಫ್ಟಿನಿಂದ ತಡೆಯತಕ್ಕದ್ದಲ್ಲ.
ಕಡಲ ಉಪ್ಪುಗಾಳಿಗೆ ರಾತ್ರಿ ಕಳೆಯುವಷ್ಟರಲ್ಲಿ
ಅಕ್ಷರಕ್ಕೆಲ್ಲ ಹಸಿರು ಕಿಲುಬು.
ಮೊದಲು ಮಾಸುವುದು ‘ಯಾರನ್ನೂ’ ಎಂಬ ಮಾತು,
ಗುಂಡಿ ಅಲ್ಲೇ ಪಕ್ಕ, ಎಲ್ಲರ ಹೆಬ್ಬೆರಳೂ ಅದರ ಮೇಲೆ.

ರೆಸಿಫೆಯ ಈ ಕಟ್ಟಡಕ್ಕೆ ಇಪ್ಪತ್ತೊಂದು ಮಹಡಿ, ಎರಡು ಲಿಫ್ಟು.
ಒಂದಕ್ಕೆ ಕನ್ನಡಿ, ತಣ್ಣನೆ ಗಾಳಿ.
ಇನ್ನೊಂದಕ್ಕೆ ಹಲಗೆ ಬಡಿದ ಗೋಡೆ.
ಅದರಲ್ಲಿ ಫ್ರಿಜ್ಜು, ಒದ್ದೆ ನಾಯಿ, ಕಸದ ಚೀಲ,
ಮತ್ತು ಇವನಿಲ್ದಾ.

ಯಾರೂ ತಡೆದಿಲ್ಲ ಅವಳನ್ನು. ಆಣೆ ಇಟ್ಟು ಹೇಳಬಲ್ಲೆ.
ನಾನು ಬಾಗಿಲಲ್ಲಿ ಕೂತ ಇಪ್ಪತ್ತಾರು ವರ್ಷದಲ್ಲಿ
‘ಆ ಕಡೆ ಹೋಗು’ ಅಂದವರಿಲ್ಲ.
ಕಾಲೇ ಹೋಗುತ್ತವೆ.
ಗಾಣದೆತ್ತಿಗೆ ಯಾರಾದರೂ ದಾರಿ ತೋರಿಸುತ್ತಾರೆಯೇ?

ಮನೆಗೆಲಸಕ್ಕೂ ಎಂಟೇ ಗಂಟೆ ಎಂದು ಕಾನೂನು ಬಂದ ವರ್ಷ
ಹದಿನಾಲ್ಕನೆಯ ಮಹಡಿಯ ದೋನಾ ಲೀಜಿಯಾ
ಗೆರೆ ಹೊಡೆದ ಪುಸ್ತಕ ತಂದರು:
ಬಂದ ಹೊತ್ತು. ಹೋದ ಹೊತ್ತು. ಸಹಿ.
ಅಡುಗೆಮನೆಯ ಹಿಂದೆ, ಕಿಟಕಿಯಿಲ್ಲದ ಗೂಡಲ್ಲಿ
ಮಲಗಿ ಏಳುವವಳು ಏನು ಬರೆಯಬೇಕು?
ಕೆಳಗಿಳಿದು ನನ್ನನ್ನೇ ಕೇಳಿದಳು:
‘ಜೆನಿವಾಲ್, ನಾನು ಕಬ್ಬಿನ ಸೀಮೆಯಿಂದ ಬಂದದ್ದು ತೊಂಬತ್ತೆರಡರಲ್ಲಿ.
ಹದಿನಾಲ್ಕು ತುಂಬಿತ್ತು.
ಹೋದ ಹೊತ್ತು ಇನ್ನೂ ಆಗಿಲ್ಲವಲ್ಲ?’

ಮೊದಲ ತಿಂಗಳು ಐದು ಗಂಟೆ ಎಂದರೆ ಏನೆಂದೇ ತಿಳಿಯಲಿಲ್ಲ ಅವಳಿಗೆ.
ನನ್ನ ಬೆಂಚಿನ ತುದಿಗೆ ಬಂದು ಕೂರುವಳು,
ಕೈಯಲ್ಲಿ ಕೆಲಸವಿಲ್ಲದ ಕೈ ಹಿಡಿದುಕೊಂಡು.
ಒಂದು ಸಂಜೆ ರಸ್ತೆ ದಾಟಿದಳು.
ಆ ಹೊತ್ತಿಗೆ ಮರಳ ಮೇಲೆಲ್ಲ ನಮ್ಮ ಕಟ್ಟಡಗಳದ್ದೇ ನೆರಳು.
ಬಿಸಿಲು ಹುಡುಕುತ್ತ ನಡೆದಳು, ನಡೆದಳು,
ಶಾರ್ಕ್ ಇದೆ ಎಂಬ ಬೋರ್ಡಿನಾಚೆ
ಮೊಣಕಾಲುದ್ದ ನೀರಿಗಿಳಿದಾಗ
ಕೊನೆಯ ಒಂದು ಗೆರೆ ಬಿಸಿಲು
ಅವಳ ತಲೆಗೆ ಸಿಕ್ಕಿತು.
ಇಲ್ಲಿಂದ ನೋಡಿದೆ. ಸುಳ್ಳಲ್ಲ.

ಆಮೇಲೆ ಲೀಜಿಯಾ ಅವರಿಗೆ ಲೆಕ್ಕ ಬಂತು.
ವಾರಕ್ಕೆ ಮೂರು ದಿನವಾದರೆ ಕಾನೂನು,
ಎರಡಾದರೆ ಬರೀ ಕೂಲಿ.
‘ನೀನು ಮನೆಮಗಳ ಹಾಗೆ, ಇವನಿಲ್ದಾ’ ಎಂದು ಅಪ್ಪಿ, ಅತ್ತು,
ಮಂಗಳವಾರ, ಶುಕ್ರವಾರ ಸಾಕೆಂದರು.
ಸೋಮವಾರ, ಗುರುವಾರ ಆರನೆಯ ಮಹಡಿ.
ಬುಧವಾರ, ಶನಿವಾರ ಹತ್ತೊಂಬತ್ತು.
ಒಂದೇ ಕಟ್ಟಡ, ಮೂರು ಮನೆ, ಆರು ದಿನ.
ಯಾರ ಪುಸ್ತಕದಲ್ಲೂ ಅವಳಿಲ್ಲ.
ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ;
ಇಲ್ಲಿ ಪೂಜಾರಿಯೂ ಕೊಟ್ಟ,
ಎರಡೆರಡಾಗಿ ಮುರಿದು.

ಅಜ್ಜಿಯ ಕೈಯಲ್ಲಿ ಬೆಳೆದ ಮಗಳು, ರಾಯಾನಿ,
ಸರ್ಕಾರಿ ಶಾಲೆಯಿಂದ ಮೀಸಲು ಸೀಟಿನಲ್ಲಿ
ದಂತವೈದ್ಯ ಓದುತ್ತಾಳೆ.
ಹೋದ ಶನಿವಾರ ತಾಯಿಯನ್ನು ಕರೆಯಲು ಬಂದವಳು
ಬಿಳಿ ಕೋಟು ಮಡಚಿ ತೋಳಿಗೆ ಹಾಕಿ
ಸೀದಾ ಕನ್ನಡಿಯ ಲಿಫ್ಟು ಹತ್ತಿದಳು.
ಇಳಿಯುವಾಗ ಹತ್ತೊಂಬತ್ತರಲ್ಲಿ ಏನಾಯಿತೋ ಕಾಣೆ.
ಎರಡೂ ಲಿಫ್ಟಿನ ಕೆಂಪು ಅಂಕಿ ಒಟ್ಟಿಗೆ ಇಳಿದವು,
ಒಂದು ಬಾಗಿಲಲ್ಲಿ ಮಗಳು,
ಒಂದು ಬಾಗಿಲಲ್ಲಿ ತಾಯಿ.
ಇಬ್ಬರೂ ಮಾತಾಡಲಿಲ್ಲ. ಚೀಲ ಮಾತ್ರ ಕೈ ಬದಲಾಯಿತು.

ಹೊಸ್ತಿಲಲ್ಲಿ ರಾಯಾನಿ ತಿರುಗಿ ನಿಂತಳು:
‘ಮಾವಾ, ದಿನಾ ಇಷ್ಟು ಹೊಳೆಯಿಸುತ್ತೀಯ,
ನೀನು ಯಾವುದರಲ್ಲಿ ಹೋಗುತ್ತೀಯ?’
ಮೇಲೆ ನನಗೇನು ಕೆಲಸ ಅಂದೆ.
ಬೆಳಿಗ್ಗೆಯಷ್ಟೇ ಹದಿನಾಲ್ಕಕ್ಕೆ ಗ್ಯಾಸ್ ಸಿಲಿಂಡರ್ ಹೊತ್ತ ಭುಜ
ಅಂಗಿಯೊಳಗೆ ಸುಮ್ಮನಿತ್ತು.

ಕನ್ನಡಿಯ ಲಿಫ್ಟಿಗೂ ಹೋಗುತ್ತೇನಲ್ಲ, ಒರೆಸಲು.
ಕಲೆಯನ್ನಷ್ಟೇ ನೋಡುತ್ತೇನೆ.
ಬಾಗಿಲು ಮುಚ್ಚಿ ಎತ್ತಿಕೊಂಡು ಹೋಗದಿರಲೆಂದು
ಬಕೆಟ್ಟು ಅಡ್ಡ ಇಟ್ಟಿರುತ್ತೇನೆ.